ಬೆಳಗಿಗೆ ಕೀರ್ತನೆ, ಬಸ್ಸಿನಲ್ಲಿ ಮಾರ್ಕ

ಪ್ರಶ್ನೆ: ನಮ್ಮ ಮನೆ ಗುಳೇದಗುಡ್ಡದಲ್ಲಿ, ಶಿಕ್ಷಕಿಯಾಗಿ ಕೆಲಸ ಬಾಗಲಕೋಟೆಯ ನವನಗರದಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿಬರುವಾಗ ಇಯರ್‌ಫೋನ್ ಹಾಕಿಕೊಂಡು ಬೋಧಕರ ಪ್ರಸಂಗ, ವಿಶ್ವಾಸಿಗಳು ಹೇಳುವ ಸಾಕ್ಷಿ, ಕ್ರೈಸ್ತ ಗೀತೆಗಳನ್ನು ಕೇಳುತ್ತೇನೆ. ಅಡುಗೆ ಮಾಡುವಾಗಲೂ ಅದೇ ನಡೆದಿರುತ್ತದೆ. ಇಷ್ಟಾದರೂ ರಾತ್ರಿ ಮಲಗುವ ಹೊತ್ತಿಗೆ ಇಂದು ಏನು ಕೇಳಿದೆ ಎಂದು ಯೋಚಿಸಿದರೆ ಒಂದು ಮಾತೂ ನೆನಪಿಗೆ ಬರುವುದಿಲ್ಲ. ಬೈಬಲ್ ತೆರೆದು ಕುಳಿತರೆ ಹತ್ತು ವಚನ ಮುಗಿಯುವುದರೊಳಗೆ ನಿದ್ದೆ. ತಾವು ಈಗ ಸ್ವಂತಕ್ಕೆಂದು ಏನು ಓದುತ್ತಿದ್ದೀರಿ, ಏನು ಕೇಳುತ್ತಿದ್ದೀರಿ? ಯಾವ ಕನ್ನಡ ಬೈಬಲ್ ಇಟ್ಟುಕೊಳ್ಳಬೇಕು? ಕಾದಂಬರಿ, ಶರಣರ ವಚನಗಳನ್ನು ವಿಶ್ವಾಸಿಗಳು ಓದಬಹುದೇ? ಮನೆಯಲ್ಲಿ ಅತ್ತೆಯವರಿದ್ದಾರೆ, ಮಗ್ಗದಲ್ಲಿ ಖಣ ನೇಯುತ್ತಾರೆ. ಅವರಿಗೆ ಓದಲು ಬರುವುದಿಲ್ಲ.

ಉತ್ತರ: ಪ್ರಿಯ ಸಹೋದರಿ, ಯಾವುದು ಶ್ರೇಷ್ಠ ಗ್ರಂಥ ಎಂದು ಕೇಳದೆ, ನಾನು ಈಗ ಏನು ಓದುತ್ತಿದ್ದೇನೆ ಎಂದು ಕೇಳಿದ್ದೀರಿ. ಇದರಿಂದ ನನ್ನ ಕೆಲಸ ಹಗುರಾಯಿತು. ಬೆಳಗಾವಿಯ ಕ್ಯಾಂಪ್ ಪ್ರದೇಶದ ಮನೆಯಲ್ಲಿ ನನ್ನ ಮೇಜಿನ ಮೇಲೆ ಏನಿದೆಯೋ ಅದನ್ನೇ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಲೆಕ್ಕವನ್ನೇ ಒಮ್ಮೆ ನೋಡಿ. ಬಸ್ಸಿನಲ್ಲಿ ಹೋಗಿಬರಲು ಎರಡು ತಾಸು, ಅಡುಗೆಮನೆಯಲ್ಲಿ ಒಂದೂವರೆ ತಾಸು ಎಂದು ಹಿಡಿದರೆ, ದಿನಕ್ಕೆ ಮೂರೂವರೆ ತಾಸು ದೇವರ ಮಾತು ನಿಮ್ಮ ಕಿವಿಯ ಮೇಲೆ ಬೀಳುತ್ತಿದೆ. ಮಾರ್ಕನು ಬರೆದ ಸುವಾರ್ತೆಯ 16 ಅಧ್ಯಾಯಗಳನ್ನು ಗಟ್ಟಿಯಾಗಿ ಓದಿದರೂ ಎರಡು ತಾಸಿನೊಳಗೆ ಮುಗಿಯುತ್ತದೆ. ನೀವು ಕೇಳುತ್ತಿರುವುದು ಕಡಿಮೆಯೇನಲ್ಲ, ಅತಿಯಾಗಿದೆ. ಮೇಲಾಗಿ ಅದರಲ್ಲಿ ಒಂದಕ್ಷರವೂ ನಿಮ್ಮ ಬಾಯಿಂದ ಹೊರಗೆ ಬಂದಿಲ್ಲ. ನಾಲಿಗೆಯನ್ನು ಮುಟ್ಟದ ಮಾತು ನೆನಪಿನಲ್ಲಿ ನಿಲ್ಲುವುದು ಕಷ್ಟ ಎಂಬುದನ್ನು ಮಗ್ಗಿ ಕಲಿಸಿದ ಶಿಕ್ಷಕಿಗೆ ನಾನು ಹೇಳಬೇಕಾಗಿಲ್ಲ.

ಹಿಂದಿನವರಿಗೆ ಓದುವುದು, ಕೇಳುವುದು ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿ ಐಥಿಯೋಪ್ಯದ ಅಧಿಕಾರಿ ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದಾನೆ. ಒಬ್ಬನೇ ಪ್ರಯಾಣದಲ್ಲಿ ಓದಿಕೊಳ್ಳುತ್ತಿದ್ದರೂ ಓಡುತ್ತ ಹತ್ತಿರ ಬಂದ ಫಿಲಿಪ್ಪನಿಗೆ ಅದು ಕೇಳಿಸುತ್ತದೆ. ಓದುತ್ತಿರುವುದು ತಿಳಿಯುತ್ತದೆಯೇ ಎಂದು ಅವನು ಕೇಳಲು ಸಾಧ್ಯವಾದದ್ದೇ ಆದ್ದರಿಂದ. ನೆಹೆಮೀಯನ ಗ್ರಂಥದಲ್ಲಿ ಎಜ್ರನು ನೀರುಬಾಗಿಲಿನ ಎದುರಿನ ಬಯಲಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದಿದನು, ಲೇವಿಯರು ಅರ್ಥ ಬಿಡಿಸಿ ಹೇಳಿದರು. ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಬಿಷಪರಾಗಿದ್ದ ಆಂಬ್ರೋಸರು ಬಾಯಿ ತೆರೆಯದೆ ಕಣ್ಣಿನಲ್ಲೇ ಓದಿಕೊಳ್ಳುತ್ತಿದ್ದದ್ದು ಸಂತ ಅಗಸ್ಟಿನರಿಗೆ ತಮ್ಮ ಆತ್ಮಕಥೆಯಲ್ಲಿ ಬರೆದಿಡುವಷ್ಟು ವಿಶೇಷವಾಗಿ ಕಂಡಿತು. ನಮಗೆ ಈಗ ವಿಶೇಷವಾಗಿ ಕಾಣುವುದು ಇದಕ್ಕೆ ತಿರುವುಮುರುವಾದದ್ದು: ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿದರೆ ಏನಾಯಿತೆಂದು ಮಕ್ಕಳು ಬಂದು ನೋಡುತ್ತಾರೆ.

ಈ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದು ಒಂದು ಅವಮಾನದಿಂದ. ಹಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಸಭೆಯಲ್ಲಿ ಸಭಾಪಾಲಕರಾದ ಅಯ್ಯನವರು ಊರಲ್ಲಿಲ್ಲದ ಭಾನುವಾರ ನನ್ನನ್ನು ಪ್ರಸಂಗಕ್ಕೆ ನಿಲ್ಲಿಸಿದ್ದರು. ಆ ವಾರ ಕ್ಯಾಸೆಟ್ಟಿನಲ್ಲಿ ಕೇಳಿದ ಪ್ರಸಂಗವೊಂದರ ಗುಂಗಿನಲ್ಲಿ, ‘ತನಗೆ ತಾನು ಸಹಾಯ ಮಾಡಿಕೊಳ್ಳುವವನಿಗೆ ದೇವರು ಸಹಾಯ ಮಾಡುತ್ತಾನೆ ಎಂದು ಬೈಬಲಿನಲ್ಲಿ ಬರೆದಿದೆ’ ಎಂದು ಒತ್ತಿ ಹೇಳಿದೆ. ಆರಾಧನೆ ಮುಗಿದ ಮೇಲೆ ಸೆರಗನ್ನು ತಲೆಯ ತುಂಬ ಹೊದ್ದ ಅಜ್ಜಿಯೊಬ್ಬರು ಹತ್ತಿರ ಬಂದು, ‘ಸರ್, ಆ ಮಾತು ಯಾವ ಪುಸ್ತಕದಾಗ ಐತ್ರಿ? ನಾ ಎಂದೂ ಕೇಳಿಲ್ಲಲ್ರೀ’ ಎಂದರು. ಮನೆಗೆ ಬಂದು ಹುಡುಕಿದೆ. 66 ಪುಸ್ತಕಗಳಲ್ಲಿ ಎಲ್ಲಿಯೂ ಆ ಮಾತಿಲ್ಲ; ಅದೊಂದು ಹಳೆಯ ಲೌಕಿಕ ಗಾದೆ, ಅಷ್ಟೆ. ಆ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅರವತ್ತು ವರ್ಷಗಳಿಂದ ಪ್ರತಿ ಭಾನುವಾರ ಅದೇ ಗ್ರಂಥವನ್ನು ಅದೇ ಕನ್ನಡದಲ್ಲಿ ಕೇಳುತ್ತ ಬಂದಿದ್ದರು. ಅವರ ಕೇಳುವಿಕೆಯ ಮುಂದೆ ನನ್ನ ಓದು ತಲೆತಗ್ಗಿಸಿತು. ನಿಮ್ಮ ಕೇಳುವಿಕೆಗೂ ಆ ಅಜ್ಜಿಯ ಕೇಳುವಿಕೆಗೂ ಇರುವ ವ್ಯತ್ಯಾಸ ಇಷ್ಟೇ: ಅವರು ಕೇಳಿದ್ದು ಒಂದನ್ನೇ, ಮತ್ತೆ ಮತ್ತೆ, ನೀವು ಕೇಳುತ್ತಿರುವುದು ದಿನಕ್ಕೊಂದು ಹೊಸದನ್ನು.

ಇನ್ನು ನನ್ನ ದಿನಚರಿ. ಬೆಳಿಗ್ಗೆ ಚಹಾ ಕುಡಿಯುವ ಮೊದಲು, ಬಾಗಿಲು ಹಾಕಿಕೊಂಡು, ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದುತ್ತೇನೆ. ದಿನಕ್ಕೆ ಒಂದೇ. 150 ಕೀರ್ತನೆಗಳು ಐದು ತಿಂಗಳಿಗೆ ಮುಗಿಯುತ್ತವೆ, ಮತ್ತೆ ಮೊದಲಿನಿಂದ. ಹೋದ ವಾರ 88ನೆಯ ಕೀರ್ತನೆ ಬಂದಿತ್ತು. ನೀವು ಅದನ್ನು ಎಂದಾದರೂ ಬಾಯಿಬಿಟ್ಟು ಓದಿದ್ದೀರಾ? ಉಳಿದ ಅಳಲಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗಾದರೂ ಭರವಸೆಯ ಕಡೆಗೆ ಹೊರಳುತ್ತವೆ, ಇದು ಹೊರಳುವುದಿಲ್ಲ. ಕತ್ತಲೆಯಲ್ಲಿ ಆರಂಭವಾಗಿ ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ನಿಮ್ಮ ಮೊಬೈಲಿನಲ್ಲಿರುವ ನೂರಾರು ಗೀತೆಗಳಲ್ಲಿ ಹೀಗೆ ಮುಗಿಯುವ ಒಂದಾದರೂ ಇದೆಯೇ ನೋಡಿ. ಕೀರ್ತನೆಗಳಲ್ಲಿ ಮೂರರಲ್ಲಿ ಒಂದರಷ್ಟಾದರೂ ದೂರು, ಅಳಲು, ಎಷ್ಟರವರೆಗೆ ಸ್ವಾಮೀ ಎಂಬ ಮೊರೆ. ನಾವು ಈಗ ಕೇಳುವ ಹಾಡುಗಳಲ್ಲಿ ಸ್ತೋತ್ರ, ಜಯ, ಆಶೀರ್ವಾದ ಇವಿಷ್ಟೇ. ಸಾವಾದ ಮನೆಯಲ್ಲಿ ಕುಳಿತಾಗ ಆ ಹಾಡುಗಳು ಗಂಟಲಿನಿಂದ ಹೊರಡದೆ ಇದ್ದದ್ದನ್ನು ನಾನು ಕಂಡಿದ್ದೇನೆ. ಬೆಳಿಗ್ಗೆ ಓದುವುದನ್ನು ಕೀರ್ತನೆಗಳಿಂದಲೇ ಆರಂಭಿಸಿ ಎಂದು ಹೇಳುವುದಕ್ಕೆ ಇದೇ ಮುಖ್ಯ ಕಾರಣ. ನಿಂತುಕೊಂಡು ಓದಿದರೆ ನಿದ್ದೆಯೂ ಬರುವುದಿಲ್ಲ.

ಯಾವ ಬೈಬಲ್ ಎಂಬುದರ ಮೇಲೆ ನಮ್ಮಲ್ಲಿ ಅನಗತ್ಯವಾದ ಜಗಳಗಳು ನಡೆಯುತ್ತವೆ. ಕನ್ನಡ ಬೈಬಲಿಗೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಆರಂಭಿಸಿದ ಕೆಲಸ 1831ರ ಹೊತ್ತಿಗೆ ಪೂರ್ಣ ಬೈಬಲಾಗಿ ರೂಪುಗೊಂಡಿತು. ಆಮೇಲೆ ಬಾಸೆಲ್ ಮಿಶನ್ನಿನ ವೈಗ್ಲೆ ಮೊದಲಾದವರು ಅದನ್ನು ತಿದ್ದಿದರು. 1851ರಲ್ಲಿ ಬಾಸೆಲ್ ಮಿಶನ್ ನಿಮ್ಮ ಗುಳೇದಗುಡ್ಡಕ್ಕೆ ಬಂದ ಕಾಲದಿಂದ ಮುಂದೆ ಹಲವು ತಿದ್ದುಪಡಿಗಳನ್ನು ದಾಟಿ ಬಂದದ್ದೇ ನಮ್ಮ ಸಭೆಗಳಲ್ಲಿ ಓದುವ ‘ಸತ್ಯವೇದವು’. ಕಥೋಲಿಕ ಮನೆಗಳಲ್ಲಿ ‘ಪವಿತ್ರ ಬೈಬಲ್’ ಇರುತ್ತದೆ; ಅದರಲ್ಲಿ ಯೆಹೋವನ ಬದಲು ಪ್ರಭು, ಸರ್ವೇಶ್ವರ ಎಂಬ ಮಾತುಗಳಿವೆ, ಸುವಾರ್ತೆಗೆ ಶುಭಸಂದೇಶ ಎಂದಿದೆ. ಇನ್ನೂ ಸರಳವಾದ ‘ಪರಿಶುದ್ಧ ಬೈಬಲ್’ ಮಕ್ಕಳಿಗೆ ಬಹಳ ಅನುಕೂಲ. ನಾನು ಬೆಳಗಿನ ಓದಿಗೆ ಸತ್ಯವೇದವನ್ನೂ, ಅರ್ಥ ಕಟ್ಟಿದ ಕಡೆ ಬಿಡಿಸಿಕೊಳ್ಳುವುದಕ್ಕೆ ಉಳಿದೆರಡನ್ನೂ ಇಟ್ಟುಕೊಂಡಿದ್ದೇನೆ. ಬಾಯಿಪಾಠವಾಗಿ ನಿಲ್ಲುವುದು ಹಳೆಯದೇ. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಎಂಬುದಕ್ಕಿಂತ ಚಿಕ್ಕದಾಗಿ 23ನೆಯ ಕೀರ್ತನೆಯ ಮೊದಲ ವಚನವನ್ನು ಯಾರು ಹೇಳಿಯಾರು? ಆದರೆ ಸಂಡೇ ಸ್ಕೂಲಿನ ಹುಡುಗನೊಬ್ಬ ‘ಕೊರತೆ ಪಡೆದೆನು’ ಎಂದು ತಿಳಿದು, ಕುರುಬನಿದ್ದೂ ಕೊರತೆ ಏಕಾಯಿತು ಎಂದು ನನ್ನನ್ನು ಕೇಳಿದ್ದ. ಅವನದು ದಡ್ಡತನವಲ್ಲ. ‘ಪಡೆನು’ ಎಂಬುದು ಪಡುವುದಿಲ್ಲ ಎಂಬರ್ಥದ ಹಳೆಯ ನಿಷೇಧರೂಪ. ನಮ್ಮ ಕಡೆಯ ಮಾತಿನಲ್ಲಿ ‘ಒಲ್ಲೆ’ ಎನ್ನುತ್ತೇವಲ್ಲ, ಅದೇ ಜಾತಿಯದು. ಹೀಗೆ ಒಂದು ಮಾತು ಹೇಳಿಕೊಟ್ಟರೆ ಮಗುವಿಗೆ ಆ ವಚನ ಜನ್ಮಪೂರ್ತಿ ಉಳಿಯುತ್ತದೆ.

ಬಸ್ಸಿನ ವಿಷಯಕ್ಕೆ ಬರೋಣ. ಬಸ್ಸಿನಲ್ಲಿ ಗಟ್ಟಿಯಾಗಿ ಓದಲಾಗದು, ಆದ್ದರಿಂದ ಕೇಳಿ. ಆದರೆ ಹೋಗುವಾಗ ಮಾತ್ರ, ಅದೂ ಬೈಬಲನ್ನೇ. ಕನ್ನಡದ ಆಡಿಯೋ ಬೈಬಲ್ ಮೊಬೈಲಿನಲ್ಲಿ ಹಣವಿಲ್ಲದೆ ಸಿಗುತ್ತದೆ. ನಾನೂ ವಾರಕ್ಕೊಮ್ಮೆ ಧಾರವಾಡಕ್ಕೆ ಹೋಗುವಾಗ ಮಾರ್ಕನನ್ನು ಮೊದಲಿನಿಂದ ಕೇಳುತ್ತೇನೆ, ಈಗ ಐದನೆಯ ಸುತ್ತು ನಡೆದಿದೆ. ಬೇರೆ ಬೇರೆ ಅಧ್ಯಾಯಗಳಾಗಿ ಓದುವಾಗ ಕಾಣದ ಒಂದು ಸಂಗತಿ ಒಂದೇ ಓಟದಲ್ಲಿ ಕೇಳಿದಾಗ ಕಂಡಿತು: ಮಾರ್ಕನು ಅವಸರದ ಮನುಷ್ಯ. ಮೂಲ ಗ್ರೀಕಿನಲ್ಲಿ ‘ಕೂಡಲೇ’ ಎಂಬರ್ಥದ ಒಂದೇ ಪದವನ್ನು ಅವನು ಸುಮಾರು 40 ಸಲ ಬಳಸುತ್ತಾನೆ. ನಮ್ಮ ಭಾಷಾಂತರಕಾರರು ಅಂದಕ್ಕಾಗಿ ಅದನ್ನು ಒಂದೊಂದು ಕಡೆ ಒಂದೊಂದು ರೀತಿ ಬದಲಿಸಿದ್ದರೂ ಓಟ ಮಾತ್ರ ಕಿವಿಗೆ ತಿಳಿಯುತ್ತದೆ. ದೋಣಿಯಿಂದ ಇಳಿದರೋ ಇಲ್ಲವೋ ಜನ ಮುತ್ತುತ್ತಾರೆ, ಊಟಕ್ಕೂ ಬಿಡುವಿಲ್ಲ. ಅಂಥ ಕಥೆ ಕೊನೆಯ ವಾರದ ಯೆರೂಸಲೇಮಿಗೆ ಬಂದಾಗ ನಡಿಗೆ ನಿಧಾನವಾಗುತ್ತದೆ, ಶಿಲುಬೆಯ ದಿನ ತಾಸುತಾಸಿನ ಲೆಕ್ಕ ಬರುತ್ತದೆ. ಈ ಏರಿಳಿತ ಕಣ್ಣಿಗಿಂತ ಕಿವಿಗೆ ಚೆನ್ನಾಗಿ ಸಿಗುತ್ತದೆ. ನೀವು ಹೋಗುವಾಗ ಎರಡು ಅಧ್ಯಾಯ ಕೇಳಿ, ಮರಳಿ ಬರುವಾಗ ಇಯರ್‌ಫೋನ್ ಚೀಲದಲ್ಲಿರಲಿ. ಬೆಳಿಗ್ಗೆ ಕೇಳಿದ್ದರಲ್ಲಿ ಏನು ಉಳಿದಿದೆ ಎಂದು ಕಿಟಕಿಯಿಂದ ಹೊರಗೆ ನೋಡುತ್ತ ನೆನೆಸಿಕೊಳ್ಳಿ. ಮೊದಲ ವಾರ ಏನೂ ಉಳಿದಿರುವುದಿಲ್ಲ, ಅದಕ್ಕೆ ಬೇಸರಪಡಬೇಡಿ.

ಪ್ರಸಂಗಗಳಲ್ಲಿ ನಿಮ್ಮ ಸಭೆಯ ಭಾನುವಾರದ ಪ್ರಸಂಗವನ್ನು ಬಿಟ್ಟು ವಾರಕ್ಕೆ ಒಂದು ಸಾಕು. ಇದನ್ನು ಸ್ವಲ್ಪ ಕಠಿಣವಾಗಿಯೇ ಹೇಳುತ್ತಿದ್ದೇನೆ, ಏಕೆಂದರೆ ಮೊಬೈಲಿನ ಪ್ರಸಂಗಗಳಲ್ಲಿ ಹೆಚ್ಚಿನವು ಇಡೀ ಪ್ರಸಂಗಗಳಲ್ಲ. ಯಾರೋ ಕತ್ತರಿಸಿ, ಹಿನ್ನೆಲೆಗೆ ಪಿಯಾನೋ ಸೇರಿಸಿ ಹರಿಯಬಿಟ್ಟ ಎರಡು ನಿಮಿಷದ ತುಣುಕುಗಳು. ಕೇಳುವ ಮೊದಲು ಪ್ರಸಂಗಕ್ಕೆ ಆಧಾರವಾದ ಭಾಗ ಯಾವುದೆಂದು ನೋಡಿ, ಆ ಅಧ್ಯಾಯವನ್ನು ಪೂರ್ತಿ ಓದಿ, ಅನಂತರ ಕೇಳಿ. ಬೋಧಕರು ಅಧ್ಯಾಯವನ್ನು ಬಿಡಿಸುತ್ತಿದ್ದಾರೋ ಅಥವಾ ಒಂದು ವಚನವನ್ನು ಮೊಳೆಯಂತೆ ಹೊಡೆದು ತಮ್ಮ ಮಾತುಗಳನ್ನೆಲ್ಲ ಅದಕ್ಕೆ ತೂಗುಹಾಕುತ್ತಿದ್ದಾರೋ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಕಾಣಿಕೆ ಕಳುಹಿಸಿದರೆ ರೋಗ ಹೋಗುತ್ತದೆ, ಸಾಲ ತೀರುತ್ತದೆ ಎಂದು ಮಾತು ಆರಂಭವಾದ ಕಡೆ ನಿಲ್ಲಿಸಿಬಿಡಿ. ಬೆರೋಯ ಎಂಬ ಊರಿನವರು ಪೌಲನ ಮಾತನ್ನೇ ಪ್ರತಿದಿನ ಶಾಸ್ತ್ರಗ್ರಂಥದೊಡನೆ ಹೋಲಿಸಿ ನೋಡಿದರು, ಅದಕ್ಕಾಗಿ ಲೂಕನು ಅವರನ್ನು ಹೊಗಳಿದ್ದಾನೆ. ಅಪೊಸ್ತಲನಿಗೇ ತಪ್ಪದ ಪರೀಕ್ಷೆ ಯೂಟ್ಯೂಬಿನವರಿಗೆ ಏಕೆ ತಪ್ಪಬೇಕು?

ಹಾಡುಗಳ ಬಗ್ಗೆ ನನ್ನ ಅಭಿರುಚಿ ಹಳೆಯದು ಎಂದು ನನ್ನ ಮಗಳು ಹೇಳುತ್ತಾಳೆ, ಒಪ್ಪುತ್ತೇನೆ. ತೆಲುಗು, ತಮಿಳು ಗೀತೆಗಳ ರಾಗವನ್ನು ಹಾಗೆಯೇ ಇಟ್ಟು ಕನ್ನಡ ಪದಗಳನ್ನು ತುರುಕಿದಾಗ ದೀರ್ಘ ಹ್ರಸ್ವವಾಗುತ್ತದೆ, ಹ್ರಸ್ವ ದೀರ್ಘವಾಗುತ್ತದೆ. ಅದನ್ನು ಕೇಳುತ್ತ ಬೆಳೆದ ಮಕ್ಕಳು ಪ್ರಾರ್ಥನೆಯಲ್ಲಿಯೂ ಹಾಗೆಯೇ ಮಾತನಾಡುತ್ತಾರೆ. ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಮನೆಕೂಟಗಳಲ್ಲಿ ಹಾಡುವ ಭಜನೆಗಳು ನನಗೆ ಇಂದಿಗೂ ಇಷ್ಟ. ಗೀತಪುಸ್ತಕದ ಜರ್ಮನ್ ರಾಗಗಳನ್ನೂ ಬಿಟ್ಟುಕೊಡಲಾರೆ. ಈ ತಿಂಗಳು ಕೇಳುತ್ತಿರುವುದು ಪಾಶ್ಚಾತ್ಯ ಸಂಗೀತಕಾರ ಹ್ಯಾಂಡೆಲನ ‘ಮೆಸ್ಸಾಯ’ ಎಂಬ ದೀರ್ಘ ಗಾಯನಕೃತಿ. 1741ರಲ್ಲಿ ಅವನು ಅದನ್ನು 24 ದಿನಗಳಲ್ಲಿ ಬರೆದು ಮುಗಿಸಿದ, 1742ರ ಏಪ್ರಿಲ್‌ನಲ್ಲಿ ಡಬ್ಲಿನ್ನಿನಲ್ಲಿ ಮೊದಲ ಸಲ ಹಾಡಿದರು. ಅದರ ಸಾಹಿತ್ಯವೆಲ್ಲ ಬೈಬಲಿನ ಮಾತೇ. ಹಾಡು ಇಂಗ್ಲಿಷಿನಲ್ಲಿದೆ ಎಂದು ಹೆದರಬೇಡಿ. ಸತ್ಯವೇದದಲ್ಲಿ ಯೆಶಾಯ 40 ತೆರೆದಿಟ್ಟುಕೊಂಡು ಆರಂಭದ ಭಾಗವನ್ನು ಕೇಳಿ. ವಾದ್ಯಗಳು ನಿಂತು ಒಬ್ಬನೇ ಗಾಯಕ ಮೆಲ್ಲಗೆ ಎತ್ತಿಕೊಳ್ಳುವ ಮೊದಲ ಮಾತು ನಿಮ್ಮ ಪುಟದಲ್ಲಿ ‘ಸಂತೈಸಿರಿ’ ಎಂದಿದೆ. ಅದನ್ನು ಅವನು ಎಷ್ಟು ಹೊತ್ತು ಎಳೆಯುತ್ತಾನೆ ಎಂದು ಕೇಳಿದರೆ ಆ ಪದವನ್ನು ಮುಂದೆ ಅವಸರದಲ್ಲಿ ಓದಲಾರಿರಿ.

ಬೈಬಲಿನ ಹೊರಗಿನ ಓದು ತಕ್ಕದ್ದೇ ಎಂದು ಕೇಳಿದ್ದೀರಿ. ಪೌಲನು ಸೆರೆಯಿಂದ ತಿಮೊಥೆಯನಿಗೆ ಬರೆದ ಕೊನೆಯ ಪತ್ರದಲ್ಲಿ ಚಳಿಗಾಲಕ್ಕೆ ಮೇಲಂಗಿಯನ್ನೂ ಅದರ ಜೊತೆಗೆ ಪುಸ್ತಕಗಳನ್ನೂ ತರಲು ಹೇಳುತ್ತಾನೆ. ಅಷ್ಟು ಉತ್ತರ ಸಾಕು. ನನ್ನ ಕೈಯಲ್ಲಿ ಈಗ ಇರುವುದು ಮರಾಠಿಯ ‘ಸ್ಮೃತಿಚಿತ್ರೆ’; ಬೆಳಗಾವಿಯಲ್ಲಿ ಹುಟ್ಟಿ ಬೆಳೆದವರಿಗೆ ಮರಾಠಿ ಓದು ಕಷ್ಟವಲ್ಲ. ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತರಾದಾಗ ಅವರ ಪತ್ನಿ ಲಕ್ಷ್ಮೀಬಾಯಿಯವರು ಅನುಭವಿಸಿದ ಸಂಕಟ, ಕೆಲವು ವರ್ಷಗಳ ಅನಂತರ ತಾವೂ ಅದೇ ದಾರಿಗೆ ಬಂದ ಬಗೆ ಎಲ್ಲವನ್ನೂ ಆ ತಾಯಿ ನಗುನಗುತ್ತ ಬರೆದಿದ್ದಾರೆ. ಗಂಡನನ್ನು ಅಷ್ಟು ಪ್ರೀತಿಯಿಂದ ಹಾಸ್ಯ ಮಾಡಿದ ಸಾಕ್ಷಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದರ ಇಂಗ್ಲಿಷ್ ಅನುವಾದ ಸಿಗುತ್ತದೆ. ಇದು ಮುಗಿದ ಮೇಲೆ ಪಂಡಿತಾ ರಮಾಬಾಯಿಯವರ ಬರಹಗಳನ್ನು ಮತ್ತೆ ಓದುವವನಿದ್ದೇನೆ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಅವರು ಕೊನೆಯ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ಕಲಿತು, ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲನ್ನು ಅನುವಾದಿಸಿ 1922ರಲ್ಲಿ ತೀರಿಕೊಂಡರು.

ಕಾದಂಬರಿಗಳಲ್ಲಿ ನಿಮಗೆ ನಾ. ಡಿಸೋಜರ ‘ಮುಳುಗಡೆ’ ಮತ್ತು ‘ದ್ವೀಪ’ವನ್ನು ಹೇಳುತ್ತೇನೆ. ಸಾಗರದ ಕಥೋಲಿಕ ಮನೆತನದ ಈ ಲೇಖಕರು 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು, 2025ರ ಜನವರಿಯಲ್ಲಿ ತೀರಿಕೊಂಡರು. ಅವರು ಬರೆದದ್ದು ಶರಾವತಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಬಗ್ಗೆ. ಆದರೆ ಮುಳುಗಡೆ ಎಂಬ ಪದದ ಅರ್ಥವನ್ನು ಬಾಗಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀವು ಪಾಠ ಹೇಳುತ್ತಿರುವ ನವನಗರವೇ ಆಲಮಟ್ಟಿಯ ನೀರಿಗೆ ಹಳೆಯ ಊರನ್ನು ಬಿಟ್ಟುಕೊಟ್ಟವರಿಗಾಗಿ ಕಟ್ಟಿದ್ದು. ಆ ಕಾದಂಬರಿಗಳನ್ನು ಓದಿದ ವಾರವೇ 137ನೆಯ ಕೀರ್ತನೆಯನ್ನು ಓದಿ. ಬಾಬೆಲಿನ ನದಿಗಳ ಬಳಿ ಕುಳಿತು ಅತ್ತವರು ನಿಮಗೆ ಹತ್ತಿರದವರಾಗುತ್ತಾರೆ. ಯೇಸುವಿನ ಶಿಲುಬೆಮರಣವನ್ನು ಕುರಿತ ಮಂಜೇಶ್ವರ ಗೋವಿಂದ ಪೈಗಳ ಕಾವ್ಯ ‘ಗೊಲ್ಗೊಥಾ’ ಬಹಳ ಗಟ್ಟಿಯಾದ ಕನ್ನಡ, ಅದನ್ನು ಶುಭ ಶುಕ್ರವಾರಕ್ಕೆಂದು ತೆಗೆದಿಡಿ. ಕ್ರೈಸ್ತರಲ್ಲದ ಕವಿಯೊಬ್ಬರು ಶಿಲುಬೆಯ ಮುಂದೆ ಅಷ್ಟು ಹೊತ್ತು ನಿಂತಿದ್ದಾರೆ ಎಂಬುದೇ ನಮ್ಮನ್ನು ಸುಮ್ಮನಾಗಿಸುತ್ತದೆ.

ಶರಣರ ವಚನಗಳನ್ನು ಓದದೆ ಈ ನೆಲದಲ್ಲಿ ಕನ್ನಡ ಬರುವುದು ಹೇಗೆ? ನಮ್ಮ ಸಭೆಯೊಳಗೆ ವಚನ ಎಂದರೆ ಬೈಬಲಿನದು, ಬಾಗಿಲು ದಾಟಿದರೆ ಬಸವಣ್ಣನವರದು. ಪದ ಒಂದೇ ಆಗಿರುವುದರಲ್ಲಿಯೇ ನಮ್ಮ ನೆರೆಹೊರೆಯಿದೆ. ವಿಜಯಪುರದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಡೋಲೆಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಕಥೆ ಯಾವ ಮಿಶನರಿಯ ಕಥೆಗೂ ಕಡಿಮೆಯಿಲ್ಲ. ಕೊರತೆಪಡೆನು ಎಂದು ತಡವರಿಸಿದ ಆ ಹುಡುಗ ‘ಅರಿಯೆನು’, ‘ಒಲ್ಲೆನು’ ಎಂಬ ವಚನಗಳ ಮಾತನ್ನು ಕೇಳಿದ್ದರೆ ತಡವರಿಸುತ್ತಿರಲಿಲ್ಲ. ಒಂದೇ ಎಚ್ಚರಿಕೆ: ‘ಕಳಬೇಡ ಕೊಲಬೇಡ’ ಎಂಬುದನ್ನು ಹತ್ತು ಆಜ್ಞೆಗಳ ಪಕ್ಕದಲ್ಲಿಟ್ಟು ಎರಡೂ ಒಂದೇ ಎಂದು ಪ್ರಸಂಗ ಮುಗಿಸುವ ರೂಢಿ ನನಗೆ ಸೇರುವುದಿಲ್ಲ. ಬಸವಣ್ಣನವರು ಕೂಡಲಸಂಗಮದೇವನನ್ನು ಕುರಿತು ಹೇಳಿದ್ದನ್ನು ಅವರದಾಗಿಯೇ ಓದಬೇಕು. ನೆರೆಮನೆಗೆ ಊಟಕ್ಕೆ ಹೋಗಿ, ಇದು ನಮ್ಮ ಮನೆಯ ಸಾರಿನಂತೆಯೇ ಇದೆ ಎಂದು ಹೇಳುತ್ತ ಕೂರುವುದು ಮರ್ಯಾದೆಯಲ್ಲ.

ಇಷ್ಟನ್ನೆಲ್ಲ ಒಟ್ಟಿಗೆ ಹಿಡಿಯಬೇಡಿ. ಈ ಆರು ತಿಂಗಳಿಗೆ ಬೆಳಗಿನ ಕೀರ್ತನೆ, ಬಸ್ಸಿನ ಮಾರ್ಕ, ಮಲಗುವ ಮೊದಲು ಹತ್ತು ಪುಟ ಕಾದಂಬರಿ ಸಾಕು. ಅಡುಗೆಮನೆಯಲ್ಲಿ ಹಾಡು ಕೇಳುವುದು ತಪ್ಪಲ್ಲ, ಆದರೆ ಅದನ್ನು ಹಾಡೆಂದೇ ಎಣಿಸಿ, ದೇವರ ವಾಕ್ಯದ ಲೆಕ್ಕಕ್ಕೆ ಸೇರಿಸಬೇಡಿ. ವಾರಕ್ಕೆರಡು ಸಂಜೆ ಅದನ್ನೂ ನಿಲ್ಲಿಸಿ, ಮಗ್ಗದ ಸದ್ದು ನಿಂತ ಮೇಲೆ, ಅತ್ತೆಯವರ ಹತ್ತಿರ ಕುಳಿತು ಅವರಿಗಾಗಿ ಓದಿ. ರೂತಳ ಪುಸ್ತಕದಿಂದ ಆರಂಭಿಸಬಹುದು, ಬರೀ ನಾಲ್ಕು ಅಧ್ಯಾಯ. ಎರಡನೆಯ ಅಧ್ಯಾಯದಲ್ಲಿ ರೂತಳು ಬೋವಜನ ಹೊಲದಲ್ಲಿ ಕೊಯ್ಯುವವರ ಹಿಂದೆ ಉಳಿದ ತೆನೆಗಳನ್ನು ಆರಿಸುತ್ತಾಳಲ್ಲ, ಅಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿ, ಜೋಳದ ಸುಗ್ಗಿಯಲ್ಲಿ ಹಕ್ಕಲು ಆರಿಸುವುದೆಂದರೆ ಹೇಗಿರುತ್ತಿತ್ತು ಎಂದು ಅತ್ತೆಯವರನ್ನೇ ಕೇಳಿ.